ಕೆಳಗಿನ ಬಲಮೂಲೆ

ನನ್ನ ಗಂಡ ಮುರಳೀಕೃಷ್ಣನಿಗೆ ವಿಡಿಯೋ ಗೇಮ್ ಆಡುವುದೇ ಕೆಲಸ ಎಂದರೆ ನನ್ನ ತವರು ಯಲ್ದೂರಿನಲ್ಲಿ ಯಾರೂ ನಂಬಲಿಲ್ಲ. ಮುಸಿಮುಸಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಕೋಲಾರದಲ್ಲಿ ಮೊಬೈಲ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಇವರ ಆಫೀಸು. ಹೊರದೇಶದವರು ತಯಾರಿಸಿದ ಗೇಮುಗಳನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಆಡಿ, ತಪ್ಪು ಹುಡುಕಿ ತಿಳಿಸಬೇಕು. ಕಳೆದ ವರ್ಷ ಬಂದದ್ದು ಬೇಸ್‌ಬಾಲ್. ಅದನ್ನು ಆ ಆಫೀಸಿನಲ್ಲಿ ಒಬ್ಬರೂ ಕಣ್ಣಾರೆ ಕಂಡವರಲ್ಲ, ಆದರೂ ನಾಲ್ಕು ದಿನದಲ್ಲಿ ಎಲ್ಲರೂ ಪಂಡಿತರಾದರು.

ಇವರ ಪಾಲಿಗೆ ಬಂದದ್ದು ಚೌಕ. ಬ್ಯಾಟ್ ಹಿಡಿದವನ ಮೊಣಕಾಲಿನಿಂದ ಎದೆಯವರೆಗೆ ಗಾಳಿಯಲ್ಲಿ ಒಂದು ಚೌಕ ಇದೆ ಎಂದುಕೊಳ್ಳಬೇಕಂತೆ. ಅವನು ಹೊಡೆಯದೆ ಬಿಟ್ಟ ಚೆಂಡು ಅದರೊಳಗೆ ಹಾದಿದ್ದರೆ ಸ್ಟ್ರೈಕ್, ಹೊರಗೆ ಹಾದಿದ್ದರೆ ಬಾಲ್. ಗೇಮಿನಲ್ಲಿ ಆ ಚೌಕವನ್ನು ತೆಳ್ಳನೆಯ ಬಿಳಿಗೆರೆಯಲ್ಲಿ ಬರೆದಿರುತ್ತಾರೆ. ಮಷಿನ್ ಕೊಟ್ಟ ತೀರ್ಪು ತಪ್ಪಾದ ಕಡೆ ಇವರು ಒಂದು ಬಟನ್ ಒತ್ತಿದರೆ ಆ ಎಸೆತದ ವಿಡಿಯೋ ಮೇಲಿನವರಿಗೆ ಹೋಗುತ್ತದೆ.

ಶುರುವಿನಲ್ಲಿ ಆಫೀಸಿನವರೆಲ್ಲ ಒಂದೇ ತಪ್ಪು ಮಾಡಿದರು. ಚೆಂಡು ಗೆರೆಗೆ ತಾಗಿದರೂ ಸ್ಟ್ರೈಕೇ. ಆದರೆ ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಗೆರೆ ತುಳಿದರೆ ಔಟು. ಹೊಲದಲ್ಲಿ ಕ್ರಿಕೆಟ್ ಆಡುವಾಗ ಬದುವಿಗೆ ತಾಗಿದರೂ ಚೆಂಡು ಹೊರಗೆ ಹೋದ ಲೆಕ್ಕ. ಹೀಗಾಗಿ ಗೆರೆಗೆ ತಾಗಿದ್ದನ್ನೆಲ್ಲ ಹೊರಗೆ ಎಂದು ಬಟನ್ ಒತ್ತಿ, ಮಷಿನ್ನೇ ತಪ್ಪು ಎಂದು ಕಳಿಸಿದರು. ಟೀಮ್ ಲೀಡ್ ಗಂಗಾಧರ್ ಎಲ್ಲರನ್ನೂ ನಿಲ್ಲಿಸಿಕೊಂಡು, “ಕುಂಟೆಬಿಲ್ಲೆ ಮನೇಲಿ ಆಡ್ಕೊಳ್ರಪ್ಪ, ಇಲ್ಲಿ ಗೆರೆ ಮುಟ್ಟಿದ್ರೂ ಒಳಗೇ” ಎಂದರಂತೆ. ಎಲ್ಲರೂ ತಿದ್ದಿಕೊಂಡರು.

ಇವರೊಬ್ಬರ ದೂರು ಮಾತ್ರ ನಿಲ್ಲಲಿಲ್ಲ. ಚೌಕದ ಕೆಳಗಿನ ಬಲಮೂಲೆಯಲ್ಲಿ ಮಷಿನ್ ತಪ್ಪು ಹೇಳುತ್ತಿದೆ, ಚೆಂಡು ಪೂರ್ತಿ ಹೊರಗೆ ಹೋದರೂ ಸ್ಟ್ರೈಕ್ ಕೊಡುತ್ತಿದೆ ಎಂದು ಹಟ ಹಿಡಿದರು. ಗಂಗಾಧರ್ ವಿಡಿಯೋ ನೋಡಿದರು. ಚೆಂಡು ಚೌಕದ ಒಳಗೇ ಇತ್ತು. “ಮುರಳಿ, ನಿಮ್ ಬೈರಕೂರ್ ರೂಲ್ಸು ಇನ್ನೂ ಬಿಟ್ಟಿಲ್ವಾ?” ಎಂದು ಇವರ ಊರಿನ ಹೆಸರೆತ್ತಿ ನಕ್ಕರು. ಆಮೇಲೆ ಅದೇ ಇವರ ಅಡ್ಡಹೆಸರಾಯಿತು. ಸಹಿಸಲಾಗದೆ ಇವರು ಕನ್ನಡಕದ ಅಂಗಡಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಬೋರ್ಡಿನ ಕೊನೇ ಸಾಲನ್ನೂ ಗಡಗಡನೆ ಓದಿದರಂತೆ. “ಏನೂ ಇಲ್ಲ, ಹದ್ದಿನ ಕಣ್ಣು” ಎಂದು ಅಂಗಡಿಯವನು ಹೇಳಿ ಕಳಿಸಿದ. ಅಲ್ಲಿಗೆ ಇವರ ಹಟಕ್ಕೆ ಕೋಡು ಮೂಡಿತು. ಆಫೀಸಿನವರಿಗೂ ಬೇರೆ ಯೋಚನೆ ಬರಲಿಲ್ಲ. ಗೆರೆಯ ಚಾಳಿ, ಹಳ್ಳಿಯ ಚಾಳಿ ಎಂದು ಆರು ತಿಂಗಳು ನಗುತ್ತಲೇ ಕಳೆದರು.

ಆ ದಿನಗಳಲ್ಲೇ ಇವರು ಹೊಸಿಲು ಎಡವುತ್ತಿದ್ದರು, ನೆಲದ ಮೇಲಿಟ್ಟ ಲೋಟ ಒದೆಯುತ್ತಿದ್ದರು. ಅತ್ತೆ ಬಚ್ಚಮ್ಮ ಊರಿಂದ ಬಂದಾಗ ಮಗನ ಕಾಲಿನ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ನೋಡಿ, “ನಾ ಕೊಡುಕ್ಕಿ ದಿಷ್ಟಿ ತಗಿಲಿಂದಿ” ಎಂದು ಮಗನಿಗೆ ದೃಷ್ಟಿ ತಾಗಿದ್ದಕ್ಕೆ ತೆಲುಗಿನಲ್ಲೇ ಗೋಳಾಡಿ, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಎಲ್ಲರೂ ಕೆಮ್ಮಿದೆವು.

ಕೊನೆಗೆ ಗಂಗಾಧರ್ ಖಡಾಖಂಡಿತವಾಗಿ ಹೇಳಿದರು. ಸೋಮವಾರದೊಳಗೆ ತಪ್ಪನ್ನು ತೋರಿಸಿಕೊಡಬೇಕು, ಇಲ್ಲವಾದರೆ ಇವರನ್ನು ಚೌಕದ ಕೆಲಸದಿಂದ ತೆಗೆಯುತ್ತಾರೆ. ಭಾನುವಾರ ಬೆಳಿಗ್ಗೆ ಇವರು ಆಫೀಸಿನ ಲ್ಯಾಪ್‌ಟಾಪನ್ನು ಮನೆಯ ಟಿವಿಗೆ ಸಿಕ್ಕಿಸಿ ನನ್ನನ್ನು ಕೂರಿಸಿಕೊಂಡರು.

“ನೀನು ಫ್ಯಾಕ್ಟರೀಲಿ ದಿನಾ ಪೀಸ್ ಚೆಕ್ ಮಾಡೋಳು. ನೀನೇ ನೋಡಿ ಹೇಳೇ.”

ನಾನು ವೇಮಗಲ್ ಕಡೆಯ ಫ್ಯಾಕ್ಟರಿಯೊಂದರಲ್ಲಿ ಗೀರು ಬಿದ್ದ ಪೀಸುಗಳನ್ನು ಆರಿಸುವವಳು. ಕೈ ಕಟ್ಟಿಕೊಂಡು ನೋಡಿದೆ. ಚೆಂಡು ಬಂತು, ಚೌಕದ ಕೆಳಗಿನ ಬಲಮೂಲೆಯಲ್ಲಿ ಹಾದುಹೋಯಿತು. ಮಷಿನ್ ಸ್ಟ್ರೈಕ್ ಎಂದಿತು.

“ನೋಡ್ದಾ? ಹೊರಗೆ!”

“ಒಳಗೇ ಇತ್ತಲ್ರೀ.”

“ನೀನೂ ಅವ್ರ ಥರಾನೇ ಮಾತಾಡ್ತೀಯಲ್ಲೇ!”

ಮತ್ತೊಂದು ಎಸೆತ, ಮತ್ತೆ ಅದೇ ಜಗಳ. ನನಗೂ ಸಿಟ್ಟು ನೆತ್ತಿಗೇರಿತು. “ಗೆರೆ ಮುಟ್ಟೋದಲ್ಲ ರೀ, ಗೆರೆಯಿಂದ ಈ ಕಡೆ ಒಂದು ಹೆಬ್ಬೆಟ್ಟಿನಷ್ಟು ಒಳಗಿದೆ. ಎಲ್ಲಿ, ನಿಲ್ಸಿ. ನಿಲ್ಸಿ ತೋರ್ಸಿ” ಎಂದೆ. ಆಫೀಸಿನಲ್ಲಿ ನಿಲ್ಲಿಸಿ ನೋಡುವ ಪುರುಸೊತ್ತು ಇವರಿಗೆ ಇರಲಿಲ್ಲ. ಒಂದು ಎಸೆತ ಮುಗಿದರೆ ಮುಂದಿನದು ಬಂದೇಬಿಡುತ್ತಿತ್ತು.

ಮೂರನೇ ಸಲ ಚೆಂಡು ಆ ಮೂಲೆಗೆ ಬಂದಾಗ ಇವರು ನಿಲ್ಲಿಸಿದರು. ಪರದೆ ಸ್ತಬ್ಧವಾಯಿತು. ನಾನು ಎದ್ದುಹೋಗಿ ಚೆಂಡಿನ ಮೇಲೆ ಬೆರಳಿಟ್ಟೆ. ಇವರು ನನ್ನ ಬೆರಳನ್ನು ನೋಡಿದರು.

“ಇದೆ” ಎಂದರು.

ಆಮೇಲೆ ದೃಷ್ಟಿಯನ್ನು ಚೌಕದ ನಡುವಿಗೆ ತಂದರು. ಆಡುವಾಗ ಯಾವಾಗಲೂ ನೋಡುವುದು ಅಲ್ಲಿಗೇ.

“ಇಲ್ಲ.”

ಮತ್ತೆ ಮೂಲೆಗೆ. “ಇದೆ.” ನಡುವಿಗೆ. “ಇಲ್ಲ ಕಣೇ. ನಿನ್ ಬೆರಳೂ ಇಲ್ಲ.”

ಆ ಮೂಲೆಯಲ್ಲಿ ಮಾಯವಾದ ಚೆಂಡನ್ನೆಲ್ಲ ಇವರು ಇಷ್ಟು ದಿನ ಹೊರಗೆ ಹೋಯಿತು ಎಂದುಕೊಂಡಿದ್ದರು. ನಾನು ಬೆರಳು ತೆಗೆಯಲಿಲ್ಲ. ತೆಗೆದರೆ ಏನೋ ನಿಜವಾಗಿಬಿಡುತ್ತದೆ ಎನ್ನಿಸುತ್ತಿತ್ತು. ಇವರು ಇದೆ, ಇಲ್ಲ ಎಂದು ಇನ್ನೂ ಎಷ್ಟೋ ಸಲ ಹೇಳಿದರು, ದನಿ ಸಣ್ಣದಾಗುತ್ತಾ ಹೋಯಿತು.

ಸೋಮವಾರ ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಇವರನ್ನು ಒಂದು ಮಷಿನ್ನಿಗೆ ಗಲ್ಲ ಒತ್ತಿಸಿ ಕೂರಿಸಿದರು. ನಡುವಿನ ಬೆಳಕನ್ನೇ ನೋಡುತ್ತಾ, ಸುತ್ತ ಚುಕ್ಕಿ ಮಿನುಗಿದಾಗಲೆಲ್ಲ ಬಟನ್ ಒತ್ತಬೇಕು. ಬಟನ್ ಒತ್ತುವುದರಲ್ಲಿ ಪಳಗಿದ ಮನುಷ್ಯ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಚುಕ್ಕಿಗಳು ಬರುತ್ತಿದ್ದುವಂತೆ.

ಗ್ಲಾಕೋಮಾ ಎಂದರು ಡಾಕ್ಟರಮ್ಮ. ಎರಡೂ ಕಣ್ಣು, ಅಂಚಿನ ನೋಟ ಗೊತ್ತೇ ಆಗದಂತೆ ಸವೆಯುವ ರೋಗ. ನೇರ ದೃಷ್ಟಿ ಕೊನೆಯವರೆಗೂ ಚೆನ್ನಾಗಿರುವುದರಿಂದ ಬೋರ್ಡು ಓದಿಸಿದರೆ ತಿಳಿಯುವುದಿಲ್ಲವಂತೆ. “ಮನೇಲಿ ಯಾರಿಗಾದ್ರೂ ಕಣ್ಣಿನ ತೊಂದ್ರೆ ಇದೆಯಾ?”

“ನಮ್ಮಪ್ಪಂಗೆ ಎರಡೂ ಹೋಗವೆ ಮೇಡಂ. ವಯಸ್ಸಾಗಿತ್ತು.”

“ಎಷ್ಟು ವಯಸ್ಸು?”

“ಐವತ್ತು.”

ಅವರು ಪೆನ್ನು ಕೆಳಗಿಟ್ಟರು. ಮಾವ ಆವಲಪ್ಪ ಇವತ್ತಿಗೂ ಹಿಪ್ಪುನೇರಳೆ ತೋಟದ ದಾರಿಯನ್ನು ಕೋಲಿನಲ್ಲಿ ತಡವುತ್ತಾ ನಡೆಯುತ್ತಾರೆ. ಪೊರೆ ಬಲಿತಿದೆ ಎಂದು ಊರೇ ಒಪ್ಪಿಕೊಂಡಿತ್ತು. ಹೋದ ದೃಷ್ಟಿ ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳೋಣ, ಆರು ತಿಂಗಳು ಮುಂಚೆ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದರು ಡಾಕ್ಟರಮ್ಮ. ಆ ಆರು ತಿಂಗಳಿನ ಮಾತನ್ನು ಅವರು ಹೇಳಬಾರದಿತ್ತು. ಇನ್ನು ನಾನು ಅದನ್ನು ಎಲ್ಲಿ ಇಟ್ಟುಕೊಳ್ಳಲಿ?

ಕೋಲಾರದ ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತರು. ಪರೀಕ್ಷೆಗೆ ಹಾಕಿದ ಡ್ರಾಪ್ಸಿನಿಂದ ಕಣ್ಣೆಲ್ಲ ಮಂಜು, ಫೋನಿನ ಅಕ್ಷರ ಕಾಣುತ್ತಿರಲಿಲ್ಲ. ಹೊಸಕೋಟೆ ದಾಟಿದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟರು.

“ಗಂಗಾಧರ್ ಸಾರ್‌ಗೆ ಮೆಸೇಜ್ ಹಾಕೇ. ನಾನ್ ಹೇಳ್ತೀನಿ, ನೀನು ಟೈಪ್ ಮಾಡು.”

“ಮನೆಗೆ ಹೋಗಿ ಹಾಕೋಣ, ಬಿಡಿ.”

“ಬೇಡ, ಈಗ್ಲೇ ಹಾಕು. ನನ್ ಮಾತು ಕೇಳಿ ಅವ್ರು ಚೌಕ ತಿದ್ದಿಬಿಟ್ರೆ? ಸರಿಯಾಗಿರೋದು ಕೆಟ್ಟೋಗುತ್ತೆ.”

ಟೈಪ್ ಮಾಡಿದೆ. ಸಾರ್, ಕೆಳಗಿನ ಬಲಮೂಲೆ ಬಗ್ಗೆ ನಾನು ಕಳಿಸಿದ ದೂರೆಲ್ಲ ತೆಗೆದುಹಾಕಿ. ಗೇಮ್ ಸರಿಯಾಗಿದೆ. ಟೆಸ್ಟರನ್ನ ಬದಲಾಯಿಸಿ.

“ಕೊನೇದು ನಾನು ಹಾಕಲ್ಲ ರೀ.”

“ಹಾಕು, ಸಹನಾ.”

ಹಾಕಿದೆ. ದಾರಿಯುದ್ದಕ್ಕೂ ನಾನು ದೇವರನ್ನು ಬೇಡಿಕೊಂಡದ್ದು ಒಂದೇ, ಆ ಗೇಮೇ ತಪ್ಪಾಗಿರಲಿ ಎಂದು. ಬಸ್ಸು ನರಸಾಪುರ ತಲುಪುವ ಮುಂಚೆಯೇ ಉತ್ತರ ಬಂತು. ಕೊನೆಗೂ ಒಪ್ಕೊಂಡ್ರಲ್ಲ ಮುರಳಿ ಎಂದು ಬರೆದು, ಮುಂದೆ ಒಂದು ನಗುವ ಮುಖ ಹಾಕಿದ್ದರು ಗಂಗಾಧರ್. ಪಾಪ, ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

“ಏನಂದ್ರು?”

“ಸರಿ ಅಂದ್ರು.”

ಇವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯದ ಹಾಗೆ, “ಆಟ ನಿಜವಾಗ್ಲೂ ಚೆನ್ನಾಗ್ ಮಾಡವ್ರೆ ಕಣೇ” ಎಂದರು.