ಒಣಗಿಸಿದ ಅಳತೆ

ಸೀಟು ಮತ್ತೆ ಇಳಿಯುತ್ತಿತ್ತು. ಕಲ್ಲಮ್ಮ ಒಂದೊಂದು ಸಲ ಪೆಡಲ್ ತುಳಿದಾಗಲೂ ಬಣಕಲ್ ಪೇಟೆ ಸ್ವಲ್ಪ ಸ್ವಲ್ಪವೇ ಎತ್ತರವಾಗುತ್ತಿತ್ತು. ಮೊದಲು ಅಂಗಡಿಗಳ ಬೋರ್ಡುಗಳು ಮೇಲೆ ಹೋದವು, ಆಮೇಲೆ ಕಿಟಕಿಗಳು. ಮೊಣಕಾಲು ಹ್ಯಾಂಡಲಿಗೆ ಬಡಿಯತೊಡಗಿದಾಗ ಅವಳು ಇಳಿದುಬಿಟ್ಟಳು. ಕ್ಯಾರಿಯರಿಗೆ ಕಟ್ಟಿದ ಡಬ್ಬಿಯಲ್ಲಿ ಕೋಡುಬಳೆ ಇನ್ನೂ ಬಿಸಿಯಾಗಿತ್ತು.

ಅದು ಬೆಳಗಿನ ಬಸ್ಸಿಗೆ ಮುಂಚೆ ಕೊಟ್ಟಿಗೆಹಾರದ ಹೋಟೆಲು ತಲುಪಬೇಕಿತ್ತು. ಇಷ್ಟು ದಿನ ಮೈದುನ ಬಸವರಾಜಪ್ಪನ ಜೀಪಿನಲ್ಲಿ ಹೋಗುತ್ತಿತ್ತು. ಬಸವರಾಜಪ್ಪ ಒಳ್ಳೆಯವನೇ, ಆದರೆ ಎಸ್ಟೇಟಿನ ಗೇಟು ಕಂಡಲ್ಲೆಲ್ಲ ಜೀಪು ನಿಲ್ಲಿಸಿ ಮೆಣಸಿನ ರೇಟು ಮಾತಾಡುವವನು. ಡಬ್ಬಿ ತಲುಪುವ ಹೊತ್ತಿಗೆ ಬಸ್ಸಿನವರು ಚಹಾ ಕುಡಿದು ಹೋಗಿರುತ್ತಿದ್ದರು. ಇನ್ನೊಂದು ವಾರ ಹೀಗೇ ತಡವಾದರೆ ಮೂಡಿಗೆರೆ ಬೇಕರಿಯಿಂದ ತರಿಸುತ್ತೇನೆ ಎಂದು ಹೋಟೆಲಿನ ಭೂತಯ್ಯ ಹೇಳಿ ಕಳಿಸಿದ್ದ.

ಸೈಕಲ್ಲು ಸಿಕ್ಕಿದ್ದು ಅದೃಷ್ಟ. ವರ್ಗವಾಗಿ ಹೋದ ಎಸ್ಟೇಟ್ ಮ್ಯಾನೇಜರನ ಹೆಂಡತಿ ತನ್ನ ವಿದೇಶಿ ಲೇಡೀಸ್ ಸೈಕಲ್ಲನ್ನು ಕಲ್ಲಮ್ಮನಿಗೇ ಬಿಟ್ಟು ಹೋಗಿದ್ದಳು. ಚರ್ಮದ ಸೀಟಿನ ಮೇಲೆ ಮಾತ್ರ ಆಕೆಗೆ ಬಲು ಪ್ರೀತಿ. ಅದನ್ನು ಕೆಳಗಿನ ಕೊಳವೆ, ಅಂದರೆ ಪಿಲ್ಲರ್ ಸಮೇತ ಕಿತ್ತು ಸೂಟ್‌ಕೇಸಿಗೆ ಹಾಕಿಕೊಂಡಿದ್ದಳು. ಉಳಿದದ್ದು ಫ್ರೇಮಿನಲ್ಲಿ ಒಂದು ದುಂಡನೆಯ ತೂತು.

ಕಲ್ಲಮ್ಮ ಹಸಿ ಕಾಫಿ ಕೊಂಬೆಯೊಂದನ್ನು ಕಡಿದು ಕತ್ತಿಯಲ್ಲಿ ಹೆರೆದಳು, ತೂತಿಗಿಟ್ಟು ನೋಡಿದಳು, ಮತ್ತೆ ಹೆರೆದಳು. ಕೊನೆಗೆ ಗೂಟ ಬಿಗಿಯಾಗಿ ಕೂತಿತು. ಅದನ್ನು ಬಸವರಾಜಪ್ಪನ ಕೈಗೆ ಕೊಟ್ಟು, ಚಿಕ್ಕಮಗಳೂರಿಗೆ ಹೋದಾಗ ಇದೇ ದಪ್ಪದ ಪಿಲ್ಲರ್ ತಾ ಎಂದಿದ್ದಳು. ಕೆಲವು ದಿನ ಬಿಟ್ಟು ಅವನು ಫಳಫಳ ಹೊಳೆಯುವ ಪಿಲ್ಲರನ್ನೂ ಸೀಟನ್ನೂ ತಂದ. ಬೋಲ್ಟು ಎಷ್ಟು ಬಿಗಿದರೂ ಅದು ಜಾರುತ್ತಿತ್ತು.

ಆ ಬೆಳಿಗ್ಗೆಯೂ ಬಸ್ಸಿನ ಹೊತ್ತು ತಪ್ಪಿತೆಂದು ಅವಳು ಸೈಕಲ್ಲು ತಳ್ಳಿಕೊಂಡು ನೇರ ಮೈದುನನ ಮನೆಗೆ ಹೋದಳು. ಬಸವರಾಜಪ್ಪ ಕಣದಲ್ಲಿ ಕಾಫಿ ಕೈಯಾಡಿಸುತ್ತಿದ್ದ. ಗೂಟಕ್ಕೆ ತಾಳೆ ಹಾಕಿಯೇ ತಂದದ್ದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ವಾದಿಸಿದ. ಒಳಗಿನಿಂದ ಗೂಟವನ್ನೂ ತಂದ. ಕಲ್ಲಮ್ಮ ಸೀಟು ಕಿತ್ತು ಗೂಟವನ್ನು ತೂತಿಗಿಟ್ಟು ಕೈ ಬಿಟ್ಟಳು. ಬಾವಿಗೆ ಬಿದ್ದ ಕಲ್ಲಿನಂತೆ ಅದು ಒಳಗೆ ಹೋಯಿತು. ಇಬ್ಬರೂ ಸೇರಿ ಸೈಕಲ್ಲನ್ನು ತಲೆಕೆಳಗು ಮಾಡಿ ಕುಲುಕಿ ಹೊರಗೆ ತೆಗೆದರು.

"ಇದಕ್ಕೆ ಏನ್ ಮಾಡ್ದೆ ಮಾರಾಯ?"

"ಏನೂ ಮಾಡಿಲ್ಲ ಅತ್ಗೆ. ಒಣಗ್ಸಿದೆ ಅಷ್ಟೆ."

"ಒಣಗ್ಸಿದ್ಯಾ?"

"ಮತ್ತೆ? ಹಸಿ ಸ್ಯಾಂಪಲ್ ಹಿಡ್ಕೊಂಡು ಪೇಟೆಗೆ ಹೋದ್ರೆ ನಮ್ಮನ್ನ ಏನಂತಾರೆ?"

ಪಾರ್ಚ್‌ಮೆಂಟ್ ಕಾಫಿ ಬೀಜದ ಜೊತೆಗೇ ಅದನ್ನೂ ಕಣದಲ್ಲಿ ಒಣಹಾಕಿದ್ದನಂತೆ. ಬಿಸಿಲು ತಿರುಗಿದಂತೆ ಗೂಟವನ್ನೂ ತಿರುಗಿಸಿದ್ದ, ಸಂಜೆ ಇಬ್ಬನಿ ತಾಗದಂತೆ ಟಾರ್ಪಾಲಿನ್ ಹೊದಿಸಿದ್ದ. ಹದವಾಗಿ ಒಣಗಿದೆಯೇ ಎಂದು ಕೊನೆಗೆ ಕಚ್ಚಿಯೂ ನೋಡಿದ್ದ. ಕಲ್ಲಮ್ಮ ಗೂಟವನ್ನು ಬೆಳಕಿಗೆ ಹಿಡಿದಳು. ಒಂದು ತುದಿಯಲ್ಲಿ ಮೈದುನನ ಮುಂದಿನ ನಾಲ್ಕು ಹಲ್ಲು ಸ್ಪಷ್ಟವಾಗಿ ಮೂಡಿದ್ದವು. ಅವಳಿಗೆ ನಗು ತಡೆಯಲಾಗಲಿಲ್ಲ. ಕಣದ ಅಂಚಿನಲ್ಲಿ ಕೂತು, ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಒಳಗಿನಿಂದ ಬಂದ ಓರಗಿತ್ತಿ ನಾಗಶ್ರೀ ಏನಾಯಿತೆಂದು ಕೇಳಿ, ಉತ್ತರ ಕೇಳಿಸಿಕೊಂಡು ತಾನೂ ಪಕ್ಕದಲ್ಲಿ ಕೂತಳು.

ಬಸವರಾಜಪ್ಪ ಮುಖ ಸಣ್ಣದು ಮಾಡಿಕೊಂಡು, ಇನ್ನೊಂದು ಗೂಟ ಕೊಡಿ, ಈ ಸಲ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತೇನೆ ಎಂದ. ಕಲ್ಲಮ್ಮ ಕೇಳಲಿಲ್ಲ. ಮರುದಿನ ಸೈಕಲ್ಲನ್ನೇ ಬಸ್ಸಿನ ಟಾಪಿಗೆ ಕಟ್ಟಿಸಿ ಚಿಕ್ಕಮಗಳೂರಿಗೆ ಹೊರಟಳು. ಅಂಗಡಿಯವನು ಇಟ್ಟುನೋಡಿದ ಮೊದಲ ಪಿಲ್ಲರ್ ಗಲಗಲ ಅಂದಿತು. ಇನ್ನೊಂದು ಒಳಗೇ ಹೋಗಲಿಲ್ಲ. ಹಳೆಯ ಗೇರ್ ಸೈಕಲ್ಲುಗಳ ಸಾಮಾನು ತುಂಬಿದ ಪೆಟ್ಟಿಗೆಯ ತಳದಿಂದ ಮಾಸಿದ ಒಂದನ್ನು ಹುಡುಕಿ ತೆಗೆದ. ಅದು ಅವಸರವಿಲ್ಲದೆ, ಕೊಳವೆಯೊಳಗಿನ ಗಾಳಿಯನ್ನು ಉಸ್ಸೆಂದು ಹೊರಗೆ ದೂಡುತ್ತ ಇಳಿಯಿತು. ಇದೇ ಇರಲಿ ಎಂದಳು ಕಲ್ಲಮ್ಮ.

ಭೂತಯ್ಯ ಕೊಟ್ಟ ವಾರದ ಕೊನೆಯ ಬೆಳಿಗ್ಗೆ ಅವಳು ಕೊಟ್ಟಿಗೆಹಾರದ ಏರು ಹತ್ತುತ್ತಿದ್ದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಸೀಟು ಮಾತ್ರ ಇದ್ದಲ್ಲೇ ಇತ್ತು. ಮೇಲಿನ ತಿರುವಿನಲ್ಲಿ ಹೋಟೆಲಿನ ಒಲೆಯ ಹೊಗೆ ಕಾಣುತ್ತಿತ್ತು. ಬಸ್ಸಿನ ಹಾರ್ನು ಇನ್ನೂ ಬಹಳ ಕೆಳಗಿನಿಂದ ಕೇಳಿಸುತ್ತಿತ್ತು.

ಪಕ್ಕದಲ್ಲಿ ಜೀಪೊಂದು ಬಂದು ನಿಧಾನವಾಯಿತು. ಬಸವರಾಜಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ತಲೆ ಬಾಚಿಕೊಂಡಿದ್ದ. ಇಷ್ಟು ಬೇಗ ಅವನನ್ನು ರಸ್ತೆಯ ಮೇಲೆ ಯಾರೂ ಕಂಡಿರಲಿಲ್ಲ. ನಾಳೆಯಿಂದ ಕೋಳಿ ಕೂಗುವ ಮೊದಲೇ ಮನೆ ಮುಂದೆ ಬರುತ್ತೇನೆ, ಒಂದು ಗೇಟಿನಲ್ಲೂ ನಿಲ್ಲಿಸುವುದಿಲ್ಲ, ನಾಗಶ್ರೀಯ ಎದುರು ಆಣೆ ಮಾಡಿಯೇ ಬಂದಿದ್ದೇನೆ ಎಂದ. ಆಮೇಲೆ ಬಗ್ಗಿ ಎಡಗಡೆಯ ಬಾಗಿಲು ತೆರೆದು ಹಿಡಿದ.

"ಸೈಕಲ್ ಹಿಂದೆ ಹಾಕೋಣ. ಹತ್ತಿ ಅತ್ಗೆ."

"ಹತ್ತಲ್ಲ," ಎಂದಳು ಕಲ್ಲಮ್ಮ.