ನೂರಕ್ಕೆ ಎಂಬತ್ತು

"ಇನ್ನೂ ಎಷ್ಟು ಉಜ್ತೀರಿ ಮೇಸ್ತ್ರಿ? ಮದುವೆ ಮಂಚ ಅಲ್ಲ ಇದು," ಎಂದು ಪಾಲಿಶ್‌ನವನು ಗೊಣಗಿದ.

ಅಣ್ಣ ಉಜ್ಜುಕಾಗದ ಕೆಳಗಿಡಲಿಲ್ಲ. ತಮ್ಮನ ಶವಪೆಟ್ಟಿಗೆಯ ಮುಚ್ಚಳದಲ್ಲಿ ಹುಳ ಕೊರೆದ ತೂತಿತ್ತು. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿದ್ದ. ಇಪ್ಪತ್ತು ವರ್ಷದ ಬಡಗಿ ಕೆಲಸದಲ್ಲಿ ಅಣ್ಣತಮ್ಮ ಇಬ್ಬರೂ ಸೇರಿ ಗಿರಾಕಿಗಳ ಸಾಮಾನಿಗೆ ಮೆತ್ತಿದ್ದೂ ಅದನ್ನೇ.

ಅಂಗಳದಲ್ಲಿ ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು: "ಅಣ್ಣ ಅಂದ್ರೆ ಇವನು. ಕೊನೇ ತನಕ ತಮ್ಮನ ಧೈರ್ಯ ಕುಂದೋಕೆ ಬಿಡ್ಲಿಲ್ಲ."

ಒಳಗೆ ಅಣ್ಣ ಇನ್ನೂ ಜೋರಾಗಿ ಉಜ್ಜಿದ.

*

ಹಿಂದಿನ ವರ್ಷ ತಮ್ಮನ ತೊಡೆಮೂಳೆಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದಾಗ ಡಾಕ್ಟರು ಅಣ್ಣನೊಬ್ಬನನ್ನೇ ಒಳಗೆ ಕರೆದಿದ್ದರು.

"ಶ್ವಾಸಕೋಶದಲ್ಲಿ ನಾಲ್ಕೇ ಗಂಟುಗಳಿವೆ. ಕೊಯ್ದು ತೆಗೆದ್ರೆ ನೂರಕ್ಕೆ ಮೂವತ್ತು ಜನ ಐದು ವರ್ಷ ದಾಟ್ತಾರೆ. ಹಾಗೇ ಬಿಟ್ರೆ ವರ್ಷ ದಾಟೋದೂ ಕಷ್ಟ."

ತಮ್ಮ ಹೊರಗೆ ಊರುಗೋಲು ಹಿಡಿದು ಬೆಂಚಿನ ಮೇಲೆ ಕೂತಿದ್ದ. ಮೂವತ್ತು ಎನ್ನಲು ಅಣ್ಣನಿಗೆ ಬಾಯಿ ಬರಲಿಲ್ಲ.

"ನೂರಕ್ಕೆ ಎಂಬತ್ತು ಜನ ಬದುಕ್ತಾರಂತೆ ಕಣೋ."

"ಆಪರೇಷನ್ನು?"

"ಬೇಕಾದ್ರೆ ಮಾಡ್ತಾರಂತೆ."

ತಮ್ಮನ ಮುಖ ಅರಳಿತು. "ಎಂಬತ್ತು ಜನ ಹಂಗೇ ಬದುಕೋದಾದ್ರೆ ನನ್ನೆದೆ ಯಾಕೆ ಸೀಳಿಸ್ಲಿ? ಗಟ್ಟಿ ಹಲಗೆಗೆ ಯಾವನಾದ್ರೂ ಗರಗಸ ಇಡ್ತಾನಾ? ನಡಿ ಮನೆಗೆ."

ಅಲ್ಲೇ ತಿದ್ದಬಹುದಿತ್ತು. ಒಂದೇ ಮಾತು. ಆದರೆ ತಮ್ಮ ಎಷ್ಟೋ ತಿಂಗಳ ಮೇಲೆ ನಗುತ್ತಿದ್ದ. ಹೇಡಿ ಅಣ್ಣ ಒಳಗೆ ಹೋಗಿ, "ಅವನೇ ಬೇಡ ಅಂದ," ಎಂದು ಡಾಕ್ಟರಿಗೆ ಹೇಳಿ, ತಮ್ಮನನ್ನು ಬಸ್ಸು ಹತ್ತಿಸಿದ.

ಹನ್ನೊಂದನೇ ತಿಂಗಳಿಗೆ ತಮ್ಮ ಉಸಿರಿಗಾಗಿ ಬಾಯಿ ಬಿಡುತ್ತ, "ನಾನ್ ಆ ಇಪ್ಪತ್ತರಲ್ಲಿ ಸೇರ್ಕೊಂಡ್ನಲ್ಲೋ," ಎಂದು ನಕ್ಕಿದ್ದ.

*

ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ತಮ್ಮನನ್ನು ಮಲಗಿಸಿ ಮುಚ್ಚಳ ಹಾಕುವಷ್ಟರಲ್ಲಿ ಆವತ್ತು ಡಾಕ್ಟರ ಪಕ್ಕದಲ್ಲಿದ್ದ ಆಸ್ಪತ್ರೆಯ ನರ್ಸ್ ಬಂದಳು. ತಮ್ಮನ ಹೆಂಡತಿಯ ಕೈ ಹಿಡಿದುಕೊಂಡಳು.

"ಆವತ್ತೇ ಆಪರೇಷನ್‌ಗೆ ಒಪ್ಪಿದ್ದಿದ್ರೆ... ನೂರಕ್ಕೆ ಮೂವತ್ತು ಅಂದ್ರೆ ಸಣ್ಣ ಮಾತಲ್ಲಮ್ಮ. ಮಾಡಿಸ್ದೇ ಇದ್ರೆ ವರ್ಷನೂ ಇಲ್ಲ ಅಂತ ಡಾಕ್ಟ್ರು ಹೇಳಿದ್ರಲ್ಲ!"

ಹೆಂಡತಿ ಅಣ್ಣನ ಕಡೆ ತಿರುಗಿದಳು. "ಭಾವ, ಡಾಕ್ಟ್ರು ಎಷ್ಟು ಅಂದಿದ್ರು?"

ದೊಡ್ಡಮ್ಮನೂ ಹತ್ತಿರ ಬಂದಳು.

"ಎಂಬತ್ತು," ಎಂದ ಅಣ್ಣ.

ನರ್ಸ್ ನೆಲ ನೋಡಿದಳು. ಮೂರು ಜನ ಪೆಟ್ಟಿಗೆ ಎತ್ತಲು ಬಂದರು. ಅಣ್ಣ ಮುಂದಿನ ಮೂಲೆಗೆ ಹೆಗಲು ಕೊಡಲು ಬಗ್ಗಿದ. ತಮ್ಮನ ಹೆಂಡತಿ ಅವನ ಪಕ್ಕೆಗೆ ಮೊಣಕೈಯಿಂದ ತಿವಿದು ಆಚೆ ತಳ್ಳಿ, ತಾನೇ ಹೆಗಲು ಕೊಟ್ಟಳು.

ಪೆಟ್ಟಿಗೆ ಅವಳ ಕಡೆಗೆ ವಾಲಿತು, ನೆಟ್ಟಗಾಯಿತು, ಗೇಟು ದಾಟಿ ಬೀದಿಗಿಳಿಯಿತು. ಜನವೆಲ್ಲ ಹಿಂದೆ ಹೋದರು. ಬರಿದಾದ ಅಂಗಳದ ನಡುವೆ ಅಣ್ಣ ಇನ್ನೂ ಬಗ್ಗಿಕೊಂಡೇ ನಿಂತಿದ್ದ, ಒಂದು ಹೆಗಲು ಕೆಳಗೆ ಮಾಡಿ.