ಇಪ್ಪತ್ತೆರಡು ಮೆಟ್ಟಿಲು, ಹನ್ನೊಂದು ಸಹಿ

ನಗರಸಭೆಯ ಪರವಾನಗಿ ಕಚೇರಿ ಇರುವುದು ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು. ಹಮಾಲಿ ಅಣ್ಣನ ಮೊಣಕಾಲಿಗೆ ಅದು ಬಾಯಿಪಾಠ. ಹನ್ನೊಂದು ವರ್ಷದಿಂದ, ವರ್ಷಕ್ಕೊಮ್ಮೆ, ನಡೆಯಲಾಗದ ತಂಗಿಯನ್ನು ಬೆನ್ನ ಮೇಲೆ ಹೊತ್ತು ಹತ್ತುತ್ತಿದ್ದ. ತಂಗಿ ಟೈಲರ್. ನಗರಸಭೆಯ ಮಾರುಕಟ್ಟೆಯಲ್ಲಿ, ಕೈಯಲ್ಲಿ ತಿರುಗಿಸುವ ಒಂದು ಹೊಲಿಗೆ ಯಂತ್ರ ಹಿಡಿಸುವಷ್ಟು ಮಳಿಗೆ ಅವಳದು. ಅದೇ ಅವಳ ಅನ್ನ. ಅದು ಉಳಿಯಬೇಕಾದರೆ ವರ್ಷಕ್ಕೊಮ್ಮೆ ಅವಳೇ ಖುದ್ದಾಗಿ ಕಚೇರಿಗೆ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು.

ಪಕ್ಕದ ಮನೆಯ ಫೋನಕ್ಕನಿಗೆ ಕಣ್ಣು ಕಾಣದು. ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಹೊರಬೇಡ, ಕೆಳಗೇ ಕೂತು ಅರ್ಜಿ ಕಳಿಸು, ರಿಜಿಸ್ಟರ್ ತಗೊಂಡು ಅವರೇ ಇಳಿದು ಬರಲಿ ಎಂದು ಅವಳು ಪ್ರತಿ ವರ್ಷ ಹೇಳುತ್ತಿದ್ದಳು.

"ಕ್ವಿಂಟಲ್ ಮೂಟೆ ಹೊರೋನಿಗೆ ತಂಗಿ ಭಾರವೇನಕ್ಕಾ? ಅರ್ಜಿ ಗಿರ್ಜಿ ಅಂತ ಅವರ ಕಾಲು ಹಿಡೀಬೇಕಾ?"

"ಕಾಲು ಹಿಡಿಯೋದಲ್ಲಪ್ಪಾ, ಅವಳ ಹಕ್ಕು ಕೇಳೋದು. ಸರ್ಕಾರಿ ಕಟ್ಟಡಾನೇ ಬಿರುಕು ಬಿಡುತ್ತೆ, ನಿನ್ನ ಬೆನ್ನು ಯಾವ ಲೆಕ್ಕ?"

ಈ ವರ್ಷ ಬೆನ್ನು ಬಿಟ್ಟುಕೊಟ್ಟಿತು. ಲಾರಿ ಇಳಿಸುವಾಗ ಉಳುಕಿ, ಅಣ್ಣ ಹಾಸಿಗೆ ಹಿಡಿದ. ಸಹಿ ಹಾಕುವ ಕೊನೆಯ ದಿನ ತಂಗಿ ಒಬ್ಬಳೇ ಮೂರು ಚಕ್ರದ ಗಾಡಿಯಲ್ಲಿ ಹೋದಳು. ಹತ್ತು ಗಂಟೆಯಿಂದ ಮೆಟ್ಟಿಲ ಬುಡದಲ್ಲಿ ಕೂತು, ತಾನು ಕೆಳಗಿದ್ದೇನೆಂದು ಹತ್ತುವವರ ಕೈಯಲ್ಲೆಲ್ಲ ಹೇಳಿ ಕಳಿಸಿದಳು. ಒಬ್ಬರು ಮರೆತರು, ಒಬ್ಬರು ಇನ್ಯಾರಿಗೋ ಹೇಳಿದರು. ಮೇಲೆ ಅವಳ ನಂಬರು ಮೂರು ಸಲ ಕೂಗಿ 'ಗೈರು' ಎಂದು ಬರೆದರು. ಮಳಿಗೆ ಕಾಯುವ ಪಟ್ಟಿಯಲ್ಲಿದ್ದ ಬೇರೆಯವರಿಗೆ ಹೋಯಿತು.

ಅಣ್ಣ ಕೋಲೂರಿಕೊಂಡು ಜಗಳಕ್ಕೆ ಹೋದ. ಗುಮಾಸ್ತ ಸಿಡುಕಲಿಲ್ಲ, ರಿಜಿಸ್ಟರನ್ನೇ ಅವನ ಕಡೆ ತಿರುಗಿಸಿದ. ಹನ್ನೊಂದು ವರ್ಷ, ಹನ್ನೊಂದು ಸಹಿ.

"ಮೇಲೆ ಬಂದೇ ಹಾಕಿದ್ದಾರಲ್ಲ? ಹತ್ತೋಕಾಗದೋರು ಯಾರೂ ಇಲ್ಲ ಅಂತ ನಾವು ಪ್ರತಿ ವರ್ಷ ವರದಿ ಕಳಿಸಿದೀವಿ."

ಗಾಲಿಕುರ್ಚಿಗೆ ಇಳಿಜಾರು ದಾರಿ ಮತ್ತು ಕೆಳಗೊಂದು ಕೌಂಟರ್ ಮಾಡುವ ನಕ್ಷೆ ಫೈಲಿನಲ್ಲೇ ಇತ್ತು. ಅದರ ಮೇಲೆ 'ಅಗತ್ಯವಿಲ್ಲ' ಎಂದು ಬರೆದಿತ್ತು.

ಮನೆಗೆ ಬಂದು ಅಣ್ಣ ಕಚೇರಿಯವರ ಜನ್ಮ ಜಾಲಾಡಿದ. ತಂಗಿ ಹೊಲಿಗೆ ಬಿಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

"ಹನ್ನೊಂದು ವರ್ಷ ಎಲ್ಲರೆದುರು ಮೂಟೆ ಆಗಿದ್ದೆ, ಅಣ್ಣಾ. ನಿನಗೆ ನೋವಾಗುತ್ತೆ ಅಂತ ಬಾಯಿ ಬಿಡಲಿಲ್ಲ."

ಅಣ್ಣನೇ ಹೋಗಿ ಫೋನಕ್ಕನನ್ನು ಕರೆತಂದ. ಅವಳು ಹೇಳಿದಳು, ತಂಗಿ ಅರ್ಜಿ ಬರೆದಳು. ಅರ್ಜಿ ತಲುಪಿದ್ದಕ್ಕೆ ಪ್ರತಿಯ ಮೇಲೆ ಮೊಹರು ಬೀಳುವವರೆಗೂ ಅಣ್ಣ ಮಹಡಿಯ ಕೌಂಟರು ಬಿಟ್ಟು ಕದಲಲಿಲ್ಲ. ಮುಂದಿನ ವಾರ ಗುಮಾಸ್ತ ರಿಜಿಸ್ಟರ್ ಹಿಡಿದು ಕೆಳಗಿಳಿದು ಬಂದ. ಕಾಯುವ ಪಟ್ಟಿಯ ಕಟ್ಟಕಡೆಗೆ ಅವಳ ಹೆಸರು ಬರೆದುಕೊಂಡ. ಇಳಿಜಾರು ಇನ್ನೂ ಆಗಿಲ್ಲ. ಅವಳ ಮಳಿಗೆಗೆ ಈಗ ಬೇರೆಯವರ ಬೀಗ.

ನೀವೂ ಮನೆಯವರನ್ನು ಪ್ರೀತಿಯಿಂದಲೇ ಹೊತ್ತು ಮೆಟ್ಟಿಲು ಹತ್ತಿಸುತ್ತಿರಬಹುದು. ಅವರನ್ನೊಮ್ಮೆ ಕೇಳಿ. ಈ ಸಲ ಅವರ ಜೊತೆ ಕೆಳಗೇ ನಿಲ್ಲಿ. ಅರ್ಜಿ ಬರೆದುಕೊಡಿ, ಮೊಹರು ಬಿದ್ದ ಪ್ರತಿ ಜೋಪಾನವಾಗಿಡಿ, ಕಚೇರಿಯೇ ಇಳಿದು ಬರಲಿ. ನಿಮ್ಮ ಬೆನ್ನು ಗಟ್ಟಿಯಿರುವಾಗಲೇ ಕೇಳಿ.